ಸರಕು ರೈಲಿನ ಹೊಸ ದಾರಿ ಮತ್ತು ನಮ್ಮ ಜಮೀನು: ಗಡಿನಾಡಿನ ಸದಸ್ಯರಿಗೆ ಒಂದು ಮಾಹಿತಿ ಲೇಖನ

ಗಡಿಯಾಚೆಯ ನಮ್ಮ ಹಲವು ಊರುಗಳು ಸರಕು ರೈಲುಗಳ ದಾರಿಯಲ್ಲಿವೆ. ಸೊಲ್ಲಾಪುರದಿಂದ ಹೊಟಗಿ, ಅಕ್ಕಲಕೋಟ ರೋಡ್ ದಾಟಿ ವಾಡಿಗೆ, ಅಲ್ಲಿಂದ ರಾಯಚೂರು, ಆದೋನಿ ಮೂಲಕ ಗುಂತಕಲ್‌ಗೆ ಹೋಗುವ ಹಳಿ ಮುಂಬೈ–ಚೆನ್ನೈ ಮಾರ್ಗದ ಭಾಗ. ಮುರಗಾಂವ್ ಬಂದರಿನಿಂದ ಕುಳೆಂ, ಕ್ಯಾಸಲ್‌ರಾಕ್ ಘಟ್ಟ ಹತ್ತಿ ಬರುವ ಹಳಿಯಲ್ಲಿ ಕರ್ನಾಟಕದ ಉಕ್ಕಿನ ಕಾರ್ಖಾನೆಗಳಿಗೆ ಕಲ್ಲಿದ್ದಲು ಬರುತ್ತದೆ. ರಾಯದುರ್ಗ–ತುಮಕೂರು ಹೊಸ ಮಾರ್ಗ ಕಲ್ಯಾಣದುರ್ಗ, ಮಡಕಶಿರಾ ಸೀಮೆಯಿಂದ ಪಾವಗಡ, ಮಧುಗಿರಿ, ಕೊರಟಗೆರೆಗಳ ಕಡೆಗೆ ಬರುವಂಥದ್ದು. ಒಂದೇ ಹಳಿಗೆ ಎರಡು ರಾಜ್ಯಗಳ ಕಂದಾಯ ಕಚೇರಿಗಳು ಭೂಮಿ ಕೊಡಿಸಬೇಕು.

ಇಂಥ ಮಾರ್ಗಗಳಲ್ಲಿ ಬೈಪಾಸ್, ಜೋಡಿಹಳಿ, ಮೂರನೇ ಹಳಿ, ತಿರುವು ನೇರಮಾಡುವ ಹೊಸ ಜಾಡು ಎಂಬ ಮಾತು ಬಂದಾಗಲೆಲ್ಲ ಸದಸ್ಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಸರ್ವೆಯವರು ಬಂದು ಗೂಟ ಹೊಡೆದು ಹೋದರು, ಇನ್ನು ಮನೆ ಕಟ್ಟಬಹುದೇ? ಹೊಲ ಮಾರಬಹುದೇ? ನೋಟಿಸ್ ಯಾವಾಗ ಬರುತ್ತದೆ, ಯಾವ ಭಾಷೆಯಲ್ಲಿ ಬರುತ್ತದೆ? ಆಕ್ಷೇಪಣೆಗೆ ಎಷ್ಟು ದಿನ?

ಇವಕ್ಕೆ ಒಂದೇ ಕಡೆ ಉತ್ತರ ಸಿಗಲಿ ಎಂದು ಈ ಲೇಖನ ಸಿದ್ಧಪಡಿಸಿದ್ದೇವೆ. ಮುಖ್ಯವಾಗಿ ಹೇಳಬೇಕಾದ್ದು ಇಷ್ಟು: ನಕ್ಷೆಯ ಮೇಲೆ ಗೆರೆ ಬೀಳುವುದಕ್ಕೂ ಕಾನೂನಿನ ಅಧಿಸೂಚನೆ ಹೊರಡುವುದಕ್ಕೂ ನಡುವೆ ವರ್ಷಗಟ್ಟಲೆ ಅಂತರವಿರಬಹುದು. ಆ ಅಂತರದಲ್ಲಿ ಜಮೀನು ನಿಮ್ಮದೇ. ಅಧಿಸೂಚನೆ ಹೊರಟ ಮೇಲೆ ಮಾತ್ರ ಗಡಿಯಾರ ಬಹಳ ವೇಗವಾಗಿ ಓಡುತ್ತದೆ. ಮೊದಲ ಹಂತದಲ್ಲಿ ಗಾಬರಿಯಾಗಿ ಮಾರಿದವರೂ ಎರಡನೇ ಹಂತದಲ್ಲಿ ಸುಮ್ಮನಿದ್ದವರೂ ಒಂದೇ ರೀತಿ ನಷ್ಟಕ್ಕೆ ಸಿಗುತ್ತಾರೆ.

ಸರಕು ರೈಲಿಗೆ ಬೇರೆ ದಾರಿ ಏಕೆ

ಹಳೆಯ ಹಳಿಗಳನ್ನು ಹಾಕಿದ ಕಾಲಕ್ಕೆ ಊರು ಚಿಕ್ಕದು, ಗಾಡಿ ಹಗುರ. ಇಂದು ಊರಿನ ನಡುವೆಯೇ ಹಳಿ ಇದೆ. ಗೇಟ್ ಬಿದ್ದರೆ ಆಂಬುಲೆನ್ಸೂ ನಿಲ್ಲಬೇಕು. ಸರಕು ಗಾಡಿಯನ್ನು ಊರಿನ ಹೊರಗಿನಿಂದ ಕಳಿಸಿದರೆ ಎರಡೂ ಕಡೆಗೆ ಅನುಕೂಲ.

ಎರಡನೆಯದು ಏರು. ಕ್ಯಾಸಲ್‌ರಾಕ್–ಕುಳೆಂ ನಡುವಿನ ಬ್ರಗಾಂಜಾ ಘಟ್ಟದಲ್ಲಿ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಎತ್ತರ. ಭಾರದ ಗಾಡಿಗೆ ಹಿಂದಿನಿಂದ ನೂಕುವ ಹೆಚ್ಚುವರಿ ಎಂಜಿನ್ ಬೇಕು. ಮೀಸಲು ಸರಕು ಕಾರಿಡಾರ್‌ಗಳಲ್ಲಿ ಏರನ್ನು 200ಕ್ಕೆ 1ರ ಮಿತಿಯಲ್ಲಿ ಇರಿಸಲಾಗಿದೆ, ತಿರುವಿನ ತ್ರಿಜ್ಯ 700 ಮೀಟರ್‌ಗಿಂತ ಕಡಿಮೆಯಾಗದಂತೆ ವಿನ್ಯಾಸ ಮಾಡಲಾಗಿದೆ. ಒಂದೂವರೆ ಕಿಲೋಮೀಟರ್ ಉದ್ದದ ಗಾಡಿಯನ್ನು ಓಡಿಸಬೇಕೆಂದರೆ ಇದು ಅನಿವಾರ್ಯ.

ಈ ಲೆಕ್ಕ ರೈತರಿಗೂ ಮುಖ್ಯ. ರಸ್ತೆಯನ್ನು ಒಂದು ಮನೆ, ಒಂದು ಬಾವಿ ತಪ್ಪಿಸಿ ತಿರುಗಿಸಬಹುದು. ಸರಕು ಹಳಿಯನ್ನು ಹಾಗೆ ತಿರುಗಿಸಲಾಗದು. ಒಂದು ಕಡೆ 30 ಮೀಟರ್ ಸರಿಸಿದರೆ ಹಿಂದೆ ಮುಂದೆ ಕಿಲೋಮೀಟರ್‌ಗಟ್ಟಲೆ ಜಾಡು ಬದಲಾಗುತ್ತದೆ. ಆದ್ದರಿಂದ ದಾರಿ ಬದಲಿಸಿ ಎಂಬ ಬೇಡಿಕೆಗೆ ಬೆಲೆ ಇರುವುದು ಸರ್ವೆಯ ಆರಂಭದ ದಿನಗಳಲ್ಲಿ. ಕೊನೆಯ ಸರ್ವೆ ಮುಗಿದ ಮೇಲೆ ಕೆಳಸೇತುವೆ, ಮೋರಿ, ಪರಿಹಾರ ಕೇಳಿ ಪಡೆಯಬಹುದು; ಜಾಡು ಬದಲಾಗುವುದು ಅಪರೂಪ.

ಎಷ್ಟು ಭೂಮಿ ಬೇಕು? ಜೋಡಿ ಹಳಿಯ ಏರಿಯ ಮೇಲ್ಭಾಗ ಸುಮಾರು 13 ಮೀಟರ್ ಅಗಲ. ಏರಿ 6 ಮೀಟರ್ ಎತ್ತರವಿದ್ದರೆ ಎರಡೂ ಬದಿಯ ಇಳಿಜಾರಿಗೆ ತಲಾ 12 ಮೀಟರ್. ಒಟ್ಟು 37 ಮೀಟರ್; ಚರಂಡಿ ಸೇರಿದರೆ 40 ದಾಟುತ್ತದೆ. 40 ಮೀಟರ್ ಅಗಲದ ಪಟ್ಟಿ ಎಂದರೆ ಒಂದು ಕಿಲೋಮೀಟರಿಗೆ 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ. ನೆಲ ಸಮತಟ್ಟಾಗಿದ್ದರೆ ಕಡಿಮೆ, ಹಳ್ಳ ದಾಟುವಲ್ಲಿ ಹೆಚ್ಚು. ಎರಡು ಎಕರೆಯ ಉದ್ದ ಹೊಲವಿದ್ದವರಿಗೆ ಹೋಗುವ ಭೂಮಿಗಿಂತ ಆಚೆ ಈಚೆ ಉಳಿಯುವ ತುಂಡುಗಳೇ ಹೆಚ್ಚಿನ ಚಿಂತೆ.

ಮೊದಲೇ ಭೂಮಿ ಕಾಯ್ದಿರಿಸುವುದರ ಅರ್ಥ

ಇಪ್ಪತ್ತು ವರ್ಷದ ನಂತರ ಬೇಕಾಗುವ ಹಳಿಗೆ ಇಂದೇ ಜಾಗ ಗುರುತಿಸಿ ಅಲ್ಲಿ ಕಟ್ಟಡ ಏಳದಂತೆ ನೋಡಿಕೊಳ್ಳುವುದಕ್ಕೆ ಕಾರಿಡಾರ್ ರಕ್ಷಣೆ ಎನ್ನುತ್ತಾರೆ. ಇದರಲ್ಲಿ ಒಳ್ಳೆಯದೇ ಹೆಚ್ಚು. ಖಾಲಿ ಹೊಲ ಬಿಟ್ಟುಕೊಡುವುದಕ್ಕಿಂತ ಬಾಳಿದ ಮನೆ, ಮಸಣ, ಗುಡಿ, ಶಾಲೆ ಬಿಟ್ಟುಕೊಡುವುದು ಕಷ್ಟ. ಜಾಗ ಮೊದಲೇ ಗೊತ್ತಿದ್ದರೆ ಅದರ ಮೇಲೆ ಯಾರೂ ಸಾಲ ಮಾಡಿ ಮನೆ ಕಟ್ಟುವುದಿಲ್ಲ.

ಕಾಯುವ ಹೊರೆ ಯಾರ ಮೇಲೆ ಬೀಳಬೇಕು ಎಂಬುದು ಇಲ್ಲಿಯ ಪ್ರಶ್ನೆ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಸುತ್ತ ಸುಮಾರು 100 ಕಿಲೋಮೀಟರ್ ಉದ್ದದ ಹೊರವರ್ತುಲ ಕಾರಿಡಾರ್‌ಗೆ 2010ರಲ್ಲೇ ಜಾಗ ಕಾಯ್ದಿರಿಸಿದರು. ನಡುವೆ ಸರಕು ಮತ್ತು ಪ್ರಯಾಣಿಕ ರೈಲಿಗೆ ನಾಲ್ಕು ಹಳಿಯ ಜಾಗವಿದೆ. ಆ ಪಟ್ಟಿಯನ್ನು ಯೋಜನಾ ನಕ್ಷೆಯಲ್ಲೇ ಸಾರ್ವಜನಿಕ ಸ್ವಾಧೀನದ ಜಾಗವೆಂದು ಗುರುತಿಸಿದ್ದಾರೆ. ಕೊಳ್ಳುವವರಿಗೆ, ಸಾಲ ಕೊಡುವವರಿಗೆ ಅದು ಮೊದಲೇ ಕಾಣುತ್ತದೆ. ಹೀಗೆ ಕಾಯ್ದಿರಿಸಿದ ಕಾರಣಕ್ಕೆ ಜಮೀನು ನಷ್ಟಕ್ಕೆ ಮಾರಬೇಕಾಗಿ ಬಂದರೆ ಅಥವಾ ಕಟ್ಟಡದ ಪರವಾನಗಿ ಸಿಗದೆ ಹೋದರೆ, ಸ್ವಾಧೀನಕ್ಕೆ ಮೊದಲೇ ಪರಿಹಾರ ಕೇಳಲು ಅಲ್ಲಿಯ 1987ರ ಯೋಜನಾ ಕಾನೂನಿನಲ್ಲಿ ಅವಕಾಶವಿದೆ.

ನಮ್ಮಲ್ಲಿ ರೈಲು ಮಾರ್ಗಗಳಿಗೆ ಈ ಬಗೆಯ ಪ್ರತ್ಯೇಕ ವ್ಯವಸ್ಥೆ ಇಲ್ಲ. ಸರ್ವೆಯ ಗೆರೆ ಇಲಾಖೆಯ ಕಡತದಲ್ಲಿರುತ್ತದೆ, ಸುದ್ದಿ ಮಾತ್ರ ಊರೆಲ್ಲ ಹರಡುತ್ತದೆ. ಇದರ ಪರಿಣಾಮ ಕಾಸರಗೋಡಿನ ಸದಸ್ಯರಿಗೆ ಚೆನ್ನಾಗಿ ಗೊತ್ತು. ತಿರುವನಂತಪುರ–ಕಾಸರಗೋಡು ನಡುವಿನ 529 ಕಿಲೋಮೀಟರ್ ಸಿಲ್ವರ್‌ಲೈನ್ ಯೋಜನೆಗೆ ಹಳದಿ ಗುರುತಿನ ಕಲ್ಲು ನೆಟ್ಟಾಗ 2022ರಲ್ಲಿ ಕೇರಳದಾದ್ಯಂತ ಪ್ರತಿಭಟನೆ ನಡೆಯಿತು. ಕಲ್ಲು ಬಿದ್ದ ಜಮೀನಿಗೆ ಸಾಲ ಸಿಗುತ್ತಿಲ್ಲ, ಕೊಳ್ಳುವವರಿಲ್ಲ ಎಂಬ ದೂರು ಬಂತು. ಆ ವರ್ಷದ ಮೇ ತಿಂಗಳಲ್ಲಿ ಕಲ್ಲಿನ ಬದಲು ಜಿಪಿಎಸ್ ಗುರುತಿಗೆ ಸರ್ಕಾರ ಹೊರಳಿತು. ನವೆಂಬರ್‌ನಲ್ಲಿ ಭೂಸ್ವಾಧೀನಕ್ಕೆ ನೇಮಿಸಿದ್ದ ಕಂದಾಯ ಸಿಬ್ಬಂದಿಯನ್ನು ಹಿಂದಕ್ಕೆ ಕರೆಯಿತು. ಅದು ಮುಖ್ಯವಾಗಿ ಪ್ರಯಾಣಿಕರ ಮಾರ್ಗವಾದರೂ ಪಾಠ ಸರಕು ಮಾರ್ಗಕ್ಕೂ ಅನ್ವಯಿಸುತ್ತದೆ: ಸ್ವಾಧೀನವೂ ಆಗಲಿಲ್ಲ, ಪರಿಹಾರವೂ ಬರಲಿಲ್ಲ, ಜಮೀನು ಮಾತ್ರ ಅನುಮಾನದಲ್ಲಿ ಉಳಿಯಿತು.

ಸರ್ವೆಯಿಂದ ಮಂಜೂರಾತಿವರೆಗಿನ ಹಂತಗಳು

1. ಪ್ರಾಥಮಿಕ ಸರ್ವೆ. ಮಾರ್ಗ ಬೇಕೇ, ಸಾಗಣೆ ಎಷ್ಟು ಸಿಗುತ್ತದೆ ಎಂದು ನೋಡುವ ಹಂತ. ಒಂದಕ್ಕಿಂತ ಹೆಚ್ಚು ಜಾಡುಗಳನ್ನು ಹೋಲಿಸುತ್ತಾರೆ. ಬಜೆಟ್ ಸುದ್ದಿಯಲ್ಲಿ ನಮ್ಮ ಊರಿಗೆ ರೈಲು ಬಂತು ಎಂದು ಓದುವುದು ಹೆಚ್ಚಾಗಿ ಈ ಹಂತವನ್ನೇ. ನಂಜನಗೂಡು–ವಯನಾಡು–ನಿಲಂಬೂರು ಮಾರ್ಗದ ಮಾತು ದಶಕಗಳಿಂದ ನಡೆದಿದೆ. ವಯನಾಡಿನಲ್ಲಿ ಇಂದಿಗೂ ಹಳಿ ಇಲ್ಲ.

2. ಅಂತಿಮ ಸ್ಥಳ ಸರ್ವೆ. ಹಳಿಯ ನಡುಗೆರೆ ನೆಲದ ಮೇಲೆ ಖಚಿತವಾಗುವುದು, ಗೂಟ ಬೀಳುವುದು, ಮಣ್ಣು ಪರೀಕ್ಷೆ ನಡೆಯುವುದು ಇಲ್ಲಿ.

3. ವಿವರವಾದ ಯೋಜನಾ ವರದಿ ಮತ್ತು ಮಂಜೂರಾತಿ. ವೆಚ್ಚ, ಆದಾಯ, ಭೂಮಿಯ ಪ್ರಮಾಣ ಎಲ್ಲ ಸೇರಿ ದೆಹಲಿಗೆ ಹೋಗುತ್ತದೆ. ಕಾಡು ಇದ್ದರೆ ಅರಣ್ಯ ಮತ್ತು ವನ್ಯಜೀವಿ ಅನುಮತಿ ಬೇರೆ.

4. ಭೂಸ್ವಾಧೀನ ಅಧಿಸೂಚನೆ. ಕಾನೂನಿನ ಗಡಿಯಾರ ಓಡಲು ಶುರುವಾಗುವುದು ಇಲ್ಲಿಂದ.

ಮೂರನೇ ಹಂತ ದಾಟಿದ ಯೋಜನೆಗಳೂ ನಿಲ್ಲಬಹುದು. ಕ್ಯಾಸಲ್‌ರಾಕ್–ಕುಳೆಂ ಜೋಡಿಹಳಿಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ 2019ರಲ್ಲಿ ಕೊಟ್ಟಿದ್ದ ಶಿಫಾರಸನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಮಾಡಿತು. ಪಶ್ಚಿಮ ಘಟ್ಟದ ಸೂಕ್ಷ್ಮ ಕಾಡಿನಲ್ಲಿ ಇನ್ನೊಂದು ಹಳಿ ಹಾಕಲು ತಕ್ಕ ಸಮರ್ಥನೆ ಇಲ್ಲ ಎಂದ ನ್ಯಾಯಾಲಯ, ವಿವರವಾದ ಅಧ್ಯಯನದೊಂದಿಗೆ ಹೊಸ ಪ್ರಸ್ತಾವ ಸಲ್ಲಿಸಲು ಬಾಗಿಲು ತೆರೆದಿಟ್ಟಿತು. ಗೋವಾದ ಸದಸ್ಯರು ಗಮನಿಸಬೇಕಾದ್ದು: ಜಾಡಿನ ಬಗ್ಗೆ ದಾಖಲೆ ಸಮೇತ ಕೇಳುವ ಪ್ರಶ್ನೆಗೆ ತೂಕವಿದೆ.

ಅಧಿಸೂಚನೆ ಬಂದ ಮೇಲೆ: ದಿನಗಳ ಲೆಕ್ಕ

ರೈಲ್ವೆಗೆ ಭೂಮಿ ಪಡೆಯುವ ದಾರಿ ಎರಡು. ಕೇಂದ್ರ ಸರ್ಕಾರ ವಿಶೇಷ ರೈಲ್ವೆ ಯೋಜನೆ ಎಂದು ಅಧಿಸೂಚಿಸಿದ್ದಕ್ಕೆ 1989ರ ರೈಲ್ವೆ ಕಾಯ್ದೆ. ಇದರ ಭೂಸ್ವಾಧೀನ ಅಧ್ಯಾಯ ಸೇರಿದ್ದು 2008ರ ತಿದ್ದುಪಡಿಯಿಂದ. ಉಳಿದವಕ್ಕೆ 2013ರ ಭೂಸ್ವಾಧೀನ ಕಾಯ್ದೆ. ದಾದ್ರಿಯಿಂದ ಜವಾಹರಲಾಲ್ ನೆಹರು ಬಂದರಿನವರೆಗಿನ 1,506 ಕಿಲೋಮೀಟರ್ ಪಶ್ಚಿಮ ಸರಕು ಕಾರಿಡಾರ್‌ಗೆ ಭೂಮಿ ಪಡೆದದ್ದು ಮೊದಲ ದಾರಿಯಲ್ಲಿ. ಆ ಕಾರಿಡಾರ್ ಬಹುಪಾಲು ಹಳೆಯ ಹಳಿಯ ಪಕ್ಕದಲ್ಲೇ ಇದ್ದರೂ ಸೂರತ್, ವಡೋದರಾ, ಅಹಮದಾಬಾದ್, ಪಾಲನ್‌ಪುರದಂಥ ಊರುಗಳ ಬಳಿ ಹೊರಗಿನಿಂದ ಸುತ್ತಿಕೊಂಡು ಹೋಗುತ್ತದೆ. ಊರು ತಪ್ಪಿಸಿದ್ದರಿಂದ ಮನೆಗಳು ಉಳಿದವು, ಹೊರವಲಯದ ಹೊಲಗಳು ಹೋದವು.

ನಿಮ್ಮ ನೋಟಿಸ್‌ನಲ್ಲಿ ಯಾವ ಕಾಯ್ದೆಯ ಹೆಸರಿದೆ ಎಂದು ಮೊದಲು ನೋಡಿ. ರೈಲ್ವೆ ಕಾಯ್ದೆಯಾದರೆ ಲೆಕ್ಕ ಹೀಗೆ:

- 20-ಎ ಕಲಂ: ಭೂಮಿ ಪಡೆಯುವ ಉದ್ದೇಶದ ಅಧಿಸೂಚನೆ. ಇದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಅದರಲ್ಲೊಂದು ದೇಶಭಾಷೆಯ ಪತ್ರಿಕೆ.
- 20-ಸಿ ಕಲಂ: ಸರ್ವೆ, ಮಣ್ಣು ಅಗೆತ, ಬೆಳೆ ಅಥವಾ ಬೇಲಿ ತೆರವಿನಿಂದ ಆದ ಹಾನಿಗೆ ಆ ಕೆಲಸ ಮುಗಿದ 6 ತಿಂಗಳೊಳಗೆ ಪರಿಹಾರ.
- 20-ಡಿ ಕಲಂ: 30 ದಿನದೊಳಗೆ ಲಿಖಿತ ಆಕ್ಷೇಪಣೆ. ಖುದ್ದಾಗಿ ಅಥವಾ ವಕೀಲರ ಮೂಲಕ ವಿಚಾರಣೆಗೆ ಅವಕಾಶ.
- 20-ಇ ಕಲಂ: ಘೋಷಣೆ. ಇದು ಪ್ರಕಟವಾದ ಕೂಡಲೇ ಭೂಮಿ ಕೇಂದ್ರ ಸರ್ಕಾರದ ಸ್ವತ್ತು. 20-ಎ ಅಧಿಸೂಚನೆಯಾದ 1 ವರ್ಷದೊಳಗೆ ಘೋಷಣೆ ಬರದಿದ್ದರೆ ಆ ಅಧಿಸೂಚನೆ ಬಿದ್ದುಹೋಗುತ್ತದೆ; ನ್ಯಾಯಾಲಯದ ತಡೆಯಾಜ್ಞೆ ಇದ್ದ ಕಾಲವನ್ನು ಬಿಟ್ಟು ಎಣಿಸಬೇಕು.
- 20-ಎಫ್ ಕಲಂ: ಘೋಷಣೆಯಾದ 1 ವರ್ಷದೊಳಗೆ ಪರಿಹಾರದ ಐತೀರ್ಪು. ಕಾರಣವಿದ್ದರೆ ಇನ್ನು 6 ತಿಂಗಳು ಸಿಗಬಹುದು, ಆದರೆ ತಡವಾದ ಪ್ರತಿ ತಿಂಗಳಿಗೆ ಕನಿಷ್ಠ ಶೇ. 5 ಹೆಚ್ಚುವರಿ ಕೊಡಬೇಕು. ಮೊತ್ತ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರ ನೇಮಿಸುವ ಮಧ್ಯಸ್ಥಗಾರರ ಮುಂದೆ ಹೋಗಬಹುದು.
- 20-ಐ ಕಲಂ: ನೋಟಿಸ್ ತಲುಪಿದ 60 ದಿನದೊಳಗೆ ಸ್ವಾಧೀನ ಬಿಟ್ಟುಕೊಡಬೇಕು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಆ 30 ದಿನ ಎಣಿಸುವುದು ರಾಜಪತ್ರದಲ್ಲಿ ಅಧಿಸೂಚನೆ ಪ್ರಕಟವಾದ ದಿನದಿಂದ. ಪತ್ರಿಕೆಯಲ್ಲಿ ಬಂದ ದಿನದಿಂದಲ್ಲ, ನಿಮಗೆ ಗೊತ್ತಾದ ದಿನದಿಂದಲೂ ಅಲ್ಲ. ಪತ್ರಿಕೆಯಲ್ಲಿ ಓದುವ ಹೊತ್ತಿಗೆ ಕೆಲವು ದಿನ ಕಳೆದೇ ಇರುತ್ತವೆ.

2013ರ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆ ಹೊರಡುವುದು 11ನೇ ಕಲಮಿನಲ್ಲಿ. ಆಕ್ಷೇಪಣೆಗೆ 60 ದಿನ. ಅಧಿಸೂಚನೆ ಹೊರಟ ಮೇಲೆ ಆ ಜಮೀನನ್ನು ಜಿಲ್ಲಾಧಿಕಾರಿಗಳ ಅನುಮತಿ ಇಲ್ಲದೆ ಮಾರುವಂತಿಲ್ಲ, ಅಡವಿಡುವಂತಿಲ್ಲ. ಈ ನಿರ್ಬಂಧ ಅಧಿಸೂಚನೆಯಿಂದ ಹುಟ್ಟುತ್ತದೆ. ಸರ್ವೆ ಗೂಟದಿಂದ ಹುಟ್ಟುವುದಿಲ್ಲ.

ನಗರ ಯೋಜನೆಯಲ್ಲಿ ಮೀಸಲಾದ ಜಮೀನು

ಹೊಸೂರು, ಸೊಲ್ಲಾಪುರದಂಥ ಬೆಳೆಯುವ ಊರುಗಳಲ್ಲಿ ಇನ್ನೊಂದು ಬಗೆಯ ಗೆರೆ ಇರುತ್ತದೆ. ಊರಿನ ಅಭಿವೃದ್ಧಿ ಯೋಜನೆಯ ನಕ್ಷೆಯಲ್ಲೇ ಜಮೀನನ್ನು ರಸ್ತೆ, ರೈಲು ಅಥವಾ ಗೋದಾಮಿಗೆ ಮೀಸಲಿಟ್ಟಿರಬಹುದು. ಇದಕ್ಕೆ ಕಾನೂನಿನ ಬಲವಿದೆ, ಕಟ್ಟಡ ಪರವಾನಗಿ ಸಿಗುವುದಿಲ್ಲ. ಆದರೆ ಇದಕ್ಕೆ ಅವಧಿಯೂ ಇದೆ, ರಾಜ್ಯ ರಾಜ್ಯಕ್ಕೆ ಬೇರೆ ಬೇರೆ.

ಮಹಾರಾಷ್ಟ್ರದಲ್ಲಿ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ 127ನೇ ಕಲಂ ಪ್ರಕಾರ ಅಂತಿಮ ಯೋಜನೆ ಜಾರಿಯಾದ 10 ವರ್ಷದೊಳಗೆ ಜಮೀನು ಪಡೆಯದಿದ್ದರೆ ಮಾಲೀಕರು ಹಕ್ಕುಪತ್ರ ಲಗತ್ತಿಸಿ ಖರೀದಿ ನೋಟಿಸ್ ಕೊಡಬಹುದು. ನಂತರದ 24 ತಿಂಗಳೊಳಗೆ ಸ್ವಾಧೀನದ ಕ್ರಮ ಆಗದಿದ್ದರೆ ಮೀಸಲು ತಾನಾಗಿ ರದ್ದಾಗುತ್ತದೆ. ನೋಟಿಸ್ ಕೊಡದಿದ್ದರೆ ಎಷ್ಟು ವರ್ಷವಾದರೂ ಮೀಸಲು ಹಾಗೆಯೇ ಇರುತ್ತದೆ ಎಂಬುದನ್ನು ಸೊಲ್ಲಾಪುರದ ಸದಸ್ಯರು ಮರೆಯಬಾರದು.

ತಮಿಳುನಾಡಿನ 1971ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆಯ 38ನೇ ಕಲಂ ಇನ್ನೂ ಸರಳ: ಯೋಜನೆಯ ಪ್ರಕಟಣೆಯಾದ 3 ವರ್ಷದೊಳಗೆ ಸ್ವಾಧೀನದ ಘೋಷಣೆ ಆಗದಿದ್ದರೆ ಅಥವಾ ಒಪ್ಪಂದದಿಂದ ಕೊಳ್ಳದಿದ್ದರೆ ಜಮೀನು ಮೀಸಲಿನಿಂದ ಬಿಡುಗಡೆಯಾಯಿತೆಂದೇ ಭಾವಿಸಬೇಕು. ಹೊಸೂರಿನವರಿಗೆ ಇದು ಉಪಯುಕ್ತ. ಕೇರಳದ 2016ರ ಕಾಯ್ದೆಯ 67ನೇ ಕಲಂನಲ್ಲೂ ಖರೀದಿ ನೋಟಿಸ್ ಕೊಡುವ ದಾರಿ ಇದೆ.

ರೈಲ್ವೆ ಇಲಾಖೆಯ ಸರ್ವೆ ಗೆರೆಗೆ ಮಾತ್ರ ಇಂಥ ಅವಧಿ ಇಲ್ಲ. ಅದು ನಿಮ್ಮನ್ನು ಕಾನೂನಿನಿಂದ ಕಟ್ಟುವುದಿಲ್ಲ. ಆದ್ದರಿಂದ ಅದರಿಂದ ಬಿಡಿಸಿಕೊಳ್ಳುವ ಕಾನೂನೂ ಇಲ್ಲ. ಆ ಅಂತರದಲ್ಲಿ ನಷ್ಟವಾಗುವುದು ಹೆಚ್ಚಾಗಿ ಭಯದಿಂದ ಮತ್ತು ದಲ್ಲಾಳಿಗಳಿಂದ. ಜಮೀನು ಹೇಗೂ ಹೋಗುತ್ತದೆ, ಸಿಕ್ಕಷ್ಟಕ್ಕೆ ಕೊಡಿ ಎಂದು ಹೇಳುವವರಿಗೆ ಮುಂದಿನ ಪರಿಹಾರದ ಲೆಕ್ಕ ಗೊತ್ತಿರುತ್ತದೆ.

ಪರಿಹಾರದ ಲೆಕ್ಕ

2015ರಿಂದ ರೈಲ್ವೆ ಕಾಯ್ದೆಯಡಿ ಪಡೆಯುವ ಭೂಮಿಗೂ 2013ರ ಕಾಯ್ದೆಯ ಪರಿಹಾರ ಮತ್ತು ಪುನರ್ವಸತಿ ಅನುಸೂಚಿಗಳು ಅನ್ವಯಿಸುತ್ತವೆ. ಲೆಕ್ಕ ಹೀಗೆ: ಮೊದಲು ಮಾರುಕಟ್ಟೆ ಬೆಲೆ. ಸರ್ಕಾರಿ ಮಾರ್ಗಸೂಚಿ ಬೆಲೆ ಮತ್ತು ಹಿಂದಿನ 3 ವರ್ಷಗಳ ನೋಂದಾಯಿತ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧ ಪತ್ರಗಳ ಸರಾಸರಿ, ಇವುಗಳಲ್ಲಿ ಯಾವುದು ಹೆಚ್ಚೋ ಅದು. ಗ್ರಾಮೀಣ ಪ್ರದೇಶದಲ್ಲಿ ಅದನ್ನು 1ರಿಂದ 2ರ ನಡುವಿನ ಅಂಕಿಯಿಂದ ಗುಣಿಸುತ್ತಾರೆ. ಅದಕ್ಕೆ ಮನೆ, ಬಾವಿ, ಮರಗಳ ಬೆಲೆ ಸೇರಿಸಿ, ಬಂದ ಮೊತ್ತಕ್ಕೆ ಶೇ. 100 ಸಾಂತ್ವನ ಧನ ಕೂಡಿಸುತ್ತಾರೆ.

ಒಂದು ಉದಾಹರಣೆ. ಎಕರೆಗೆ 10 ಲಕ್ಷ ರೂಪಾಯಿ ಬೆಲೆ ನಿಗದಿಯಾಗಿ ಗುಣಕ 2 ಇದ್ದರೆ 20 ಲಕ್ಷ. ಬಾವಿ, ಮರಗಳು 2 ಲಕ್ಷ ಎಂದರೆ 22 ಲಕ್ಷ. ಸಾಂತ್ವನ ಧನ ಸೇರಿ 44 ಲಕ್ಷ. ಗುಣಕ 1 ಇದ್ದರೆ 10 ಮತ್ತು 2 ಸೇರಿ 12, ಒಟ್ಟು 24 ಲಕ್ಷ. ಹಾಗಾಗಿ ನಿಮ್ಮ ಗ್ರಾಮಕ್ಕೆ ಯಾವ ಗುಣಕ ಹಾಕಿದ್ದಾರೆ ಎಂದು ಕೇಳುವುದು ನಾಚಿಕೆಯ ವಿಷಯವಲ್ಲ.

ಮುದ್ರಾಂಕ ಶುಲ್ಕ ಉಳಿಸಲು ಕ್ರಯಪತ್ರದಲ್ಲಿ ಕಡಿಮೆ ಬೆಲೆ ಬರೆಸುವ ರೂಢಿಯ ಪೆಟ್ಟು ಬೀಳುವುದೂ ಇಲ್ಲೇ. ನೀವು ಇಂದು ಬರೆಸುವ ಬೆಲೆಯೇ ನಾಳೆ ನೆರೆಯವರ ಪರಿಹಾರವನ್ನು ಇಳಿಸುತ್ತದೆ.

ಮನೆ ಕಳೆದುಕೊಂಡು ಸ್ಥಳಾಂತರವಾಗುವ ಕುಟುಂಬಗಳಿಗೆ ಎರಡನೇ ಅನುಸೂಚಿಯಲ್ಲಿ ಬೇರೆ ಸೌಲಭ್ಯಗಳಿವೆ: ಒಂದು ವರ್ಷ ತಿಂಗಳಿಗೆ 3,000 ರೂಪಾಯಿ ಜೀವನಭತ್ಯೆ, ಸಾಗಣೆಗೆ 50,000 ರೂಪಾಯಿ ಇತ್ಯಾದಿ. ಹೊಲ ಎರಡು ತುಂಡಾದರೆ ಆ ವಿಭಜನೆಯಿಂದಾಗುವ ನಷ್ಟಕ್ಕೂ ಪರಿಹಾರ ಕೇಳಬಹುದು. ಅದನ್ನು ನಾವೇ ಬರೆದು ಕೇಳಬೇಕು.

ದಾರಿ ಮತ್ತು ನೀರು

ಹಣದಷ್ಟೇ ಮುಖ್ಯವಾದ ಇನ್ನೊಂದು ಹಕ್ಕು ರೈಲ್ವೆ ಕಾಯ್ದೆಯ 16ನೇ ಕಲಂನಲ್ಲಿದೆ. ಹಳಿಯಿಂದ ಹೊಲದ ಬಳಕೆಗೆ ಅಡ್ಡಿಯಾದಲ್ಲಿ ದಾಟು, ಸೇತುವೆ, ಮೋರಿ ಮಾಡಿಕೊಡುವುದು, ಮಳೆನೀರು ಮೊದಲಿನಂತೆ ಹರಿಯುವಷ್ಟು ಅಗಲದ ಕಾಲುವೆ ಬಿಡುವುದು ರೈಲ್ವೆಯ ಹೊಣೆ. ಈ ಕೆಲಸಗಳು ಹಳಿ ಹಾಕುವಾಗ ಅಥವಾ ಆ ಕೂಡಲೇ ಆಗಬೇಕು. ಮಾರ್ಗ ಸಂಚಾರಕ್ಕೆ ತೆರೆದು 10 ವರ್ಷ ಕಳೆದ ಮೇಲೆ ಹೆಚ್ಚುವರಿ ಕೆಲಸಕ್ಕೆ ರೈಲ್ವೆಯನ್ನು ಒತ್ತಾಯಿಸಲಾಗದು. ಪರಿಹಾರ ತೆಗೆದುಕೊಂಡು ಬಿಟ್ಟುಕೊಟ್ಟ ದಾಟನ್ನು ಮತ್ತೆ ಕೇಳಲೂ ಆಗದು.

ಆರು ಮೀಟರ್ ಏರಿ ಎಂದರೆ ಹೊಲದ ನಡುವೆ ಒಂದು ಕಟ್ಟೆಯಿದ್ದ ಹಾಗೆ. ಸೊಲ್ಲಾಪುರ, ಜತ್ತ, ಆದೋನಿ ಸೀಮೆಯ ಎರೆಮಣ್ಣಿನಲ್ಲಿ ನೀರು ನಿಂತರೆ ಬಿಳಿಜೋಳವೂ ಇಲ್ಲ, ಹತ್ತಿಯೂ ಇಲ್ಲ. ಕೆಳಸೇತುವೆ ಕೊಟ್ಟರೂ ನೀರು ಹೊರಹೋಗುವ ದಾರಿ ಇಲ್ಲದಿದ್ದರೆ ಮಳೆಗಾಲವಿಡೀ ಅದು ಕೆರೆಯೇ. ಎತ್ತಿನ ಗಾಡಿಯಲ್ಲದೆ ಕಬ್ಬಿನ ಟ್ರಾಕ್ಟರ್ ದಾಟುವಷ್ಟು ಎತ್ತರ ಬೇಕು. ಆಕ್ಷೇಪಣೆ ಬರೆಯುವಾಗ ಹಳ್ಳ ಹರಿಯುವ ಜಾಗ, ಊರಿನವರು ಬಳಸುವ ಬಂಡಿದಾರಿ, ಮಸಣದ ದಾರಿ, ಶಾಲೆಯ ದಾರಿ ಇವುಗಳನ್ನು ಸರ್ವೆ ನಂಬರ್ ಸಮೇತ ಪಟ್ಟಿ ಮಾಡಿ. ಯೋಜನೆ ಬೇಡ ಎನ್ನುವ ಒಂದು ಸಾಲಿಗಿಂತ ಈ ಪಟ್ಟಿಯಿಂದ ಕೆಲಸವಾಗುವ ಸಂಭವ ಹೆಚ್ಚು.

ಭಾಷೆಯ ಪ್ರಶ್ನೆ

ಕೇಂದ್ರದ ರಾಜಪತ್ರ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಬರುತ್ತದೆ. ದೇಶಭಾಷೆಯ ಪತ್ರಿಕೆ ಎಂದರೆ ಅಕ್ಕಲಕೋಟದಲ್ಲಿ ಮರಾಠಿ, ಮಡಕಶಿರಾದಲ್ಲಿ ತೆಲುಗು, ತಾಳವಾಡಿಯಲ್ಲಿ ತಮಿಳು ಎಂದೇ ಅರ್ಥವಾಗುತ್ತದೆ. ಕನ್ನಡ ಮಾತ್ರ ಓದುವ ನಮ್ಮ ಹಿರಿಯರ ಹೆಸರಿನಲ್ಲೇ ಹಲವು ಕಡೆ ಜಮೀನು ಇದೆ. ಮೂವತ್ತು ದಿನಗಳ ಅವಕಾಶ ಅವರ ಪಾಲಿಗೆ ಓದಲಾಗದ ಕಾಗದದಲ್ಲೇ ಕಳೆದುಹೋಗುತ್ತದೆ.

ಸಂವಿಧಾನದ 350ನೇ ವಿಧಿಯಂತೆ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಸಲ್ಲಿಸಬಹುದು. ಹಾಗಾಗಿ ಕನ್ನಡದಲ್ಲಿ ಮನವಿ ಬರೆಯಲು ಹಿಂಜರಿಯಬೇಕಿಲ್ಲ. ಆದರೂ ದಿನಗಳ ಮಿತಿ ಇರುವಲ್ಲಿ ಭಾಷಾಂತರದ ನೆಪದಿಂದ ತಡವಾಗದಂತೆ ರಾಜ್ಯಭಾಷೆಯ ಅಥವಾ ಇಂಗ್ಲಿಷಿನ ಪ್ರತಿಯನ್ನು ಜೊತೆಗಿಡುವುದು ಜಾಣತನ. ನಮ್ಮ ಪ್ರತಿ ಊರಿನ ಬಳಗದಲ್ಲಿ ಎರಡೂ ಭಾಷೆ ಬಲ್ಲ ಒಬ್ಬಿಬ್ಬರಾದರೂ ಈ ಕೆಲಸಕ್ಕೆ ಮುಂದೆ ಬರಬೇಕೆಂದು ಕೋರುತ್ತೇವೆ.

ಈಗಲೇ ಸರಿಪಡಿಸಿಕೊಳ್ಳಬೇಕಾದ ದಾಖಲೆ

ಪರಿಹಾರ ಸಿಗುವುದು ದಾಖಲೆಯಲ್ಲಿ ಹೆಸರಿದ್ದವರಿಗೆ. ಅಜ್ಜನ ಹೆಸರಿನಲ್ಲೇ ಉಳಿದ ಖಾತೆ, ಬಾಯಿಮಾತಿನಲ್ಲಿ ಆದ ಪಾಲು, ಗಡಿಯಾಚೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹಕ್ಕು, ಇವುಗಳಿಂದಾಗಿ ಹಣ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಉಳಿಯಬಹುದು. ಕನ್ನಡ ಹೆಸರು ಬೇರೆ ಲಿಪಿಯಲ್ಲಿ ತಪ್ಪಾಗಿ ದಾಖಲಾಗಿ ಆಧಾರ್ ಚೀಟಿಗೂ ಪಹಣಿಗೂ ತಾಳೆಯಾಗದಿರುವುದು ಗಡಿನಾಡಿನ ವಿಶೇಷ ತೊಂದರೆ. ಯಾವ ರಾಜ್ಯದಲ್ಲಿ ಯಾವ ಕಾಗದ ನೋಡಬೇಕು ಎಂಬ ಪಟ್ಟಿ ಇಲ್ಲಿದೆ:

- ಮಹಾರಾಷ್ಟ್ರ: ಸಾತ್‌ಬಾರಾ ಉತಾರ (7/12), 8-ಅ, ಫೇರ್‌ಫಾರ್ ನೋಂದಣಿ.
- ಆಂಧ್ರಪ್ರದೇಶ: ಅಡಂಗಲ್ ಮತ್ತು 1-ಬಿ.
- ತೆಲಂಗಾಣ: ಪಟ್ಟಾದಾರ್ ಪಾಸ್‌ಬುಕ್.
- ತಮಿಳುನಾಡು: ಪಟ್ಟಾ, ಚಿಟ್ಟಾ, ಅಡಂಗಲ್ ಮತ್ತು ಹೊಲದ ಅಳತೆ ನಕ್ಷೆ.
- ಕೇರಳ: ಆಧಾರ ಪತ್ರ, ತಂಡಪ್ಪೇರ್, ಈ ವರ್ಷದ ಭೂತೆರಿಗೆ ರಸೀದಿ.
- ಗೋವಾ: ಫಾರ್ಮ್ 1 ಮತ್ತು 14.

ಜಮೀನು ಗಡಿಗೆ ತಾಗಿದ್ದು ಒಂದು ಭಾಗ ಕರ್ನಾಟಕದಲ್ಲಿದ್ದರೆ ಅದರ ಪಹಣಿಯನ್ನೂ ಬೇರೆಯಾಗಿ ತೆಗೆದಿಡಿ.

ವಯನಾಡು, ನೀಲಗಿರಿ, ತಾಳವಾಡಿಯ ಕಾಡಂಚಿನ ಕುಟುಂಬಗಳಲ್ಲಿ ಹಲವರಿಗೆ ಪಟ್ಟಾ ಇಲ್ಲ. ಅಂಥವರು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಗೆ ಅರ್ಜಿ ಸಲ್ಲಿಸಿರಬೇಕು. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಒಕ್ಕಲೆಬ್ಬಿಸುವಂತಿಲ್ಲ ಎಂದು ಆ ಕಾಯ್ದೆಯ 4ನೇ ಕಲಂ ಹೇಳುತ್ತದೆ.

ಸದಸ್ಯರು ಹೆಚ್ಚಾಗಿ ಕೇಳುವ ಪ್ರಶ್ನೆಗಳು

ಗೂಟ ಬಿದ್ದ ಹೊಲದಲ್ಲಿ ಬೆಳೆ ಇಡಬಹುದೇ? ಧಾರಾಳವಾಗಿ. ಗೂಟ ಕೀಳಬೇಡಿ, ಅದರ ಜಾಗದ ಚಿತ್ರ ತೆಗೆದಿಡಿ, ದಿನಾಂಕ ಬರೆದಿಡಿ.

ಮನೆ ಕಟ್ಟಬಹುದೇ? ಅಧಿಸೂಚನೆ ಇಲ್ಲದಿದ್ದರೆ ಸ್ಥಳೀಯ ಪರವಾನಗಿಯೊಂದಿಗೆ ಕಟ್ಟಬಹುದು. ಆದರೆ ಅಂತಿಮ ಸ್ಥಳ ಸರ್ವೆ ಮುಗಿದಿದ್ದರೆ ಸಾಲ ಮಾಡಿ ಕಟ್ಟುವ ಮೊದಲು ಯೋಚಿಸಿ. ಪರಿಹಾರಕ್ಕೆಂದೇ ಅಧಿಸೂಚನೆಯ ನಂತರ ಎಬ್ಬಿಸಿದ ಶೆಡ್ಡುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಂದು ನಂಬಬೇಡಿ.

ಜಾಡಿನ ನಕ್ಷೆ ಎಲ್ಲಿ ಸಿಗುತ್ತದೆ? ಮಾಹಿತಿ ಹಕ್ಕು ಕಾಯ್ದೆಯಡಿ ಆಯಾ ರೈಲ್ವೆ ವಲಯದ ನಿರ್ಮಾಣ ವಿಭಾಗಕ್ಕೆ ಅರ್ಜಿ ಹಾಕಿ. ಸೊಲ್ಲಾಪುರ, ಅಕ್ಕಲಕೋಟಕ್ಕೆ ಮಧ್ಯ ರೈಲ್ವೆ. ಹೊಸೂರು ಮತ್ತು ಗೋವಾದ ಕುಳೆಂ ಕಡೆಗೆ ನೈಋತ್ಯ ರೈಲ್ವೆ. ಕಾಸರಗೋಡಿಗೆ ದಕ್ಷಿಣ ರೈಲ್ವೆ. ಯಾವ ಹಂತದ ಸರ್ವೆ, ಯಾವ ಸರ್ವೆ ನಂಬರ್‌ಗಳು, ಎಷ್ಟು ಅಗಲ ಎಂಬ ಮೂರು ಪ್ರಶ್ನೆ ಸಾಕು. ಉತ್ತರಕ್ಕೆ 30 ದಿನ.

ಪರಿಹಾರದ ಹಣ ತೆಗೆದುಕೊಂಡರೆ ಹೆಚ್ಚಿಗೆ ಕೇಳುವ ಹಕ್ಕು ಹೋಗುತ್ತದೆಯೇ? ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ ಎಂದು ಬರೆದುಕೊಟ್ಟು ತೆಗೆದುಕೊಳ್ಳಿ, ನಂತರ ಮಧ್ಯಸ್ಥಗಾರರ ಮುಂದೆ ಹೋಗಿ. ಮೊದಲು ನಿಮ್ಮ ಊರಿನ ವಕೀಲರನ್ನು ಕಂಡು ನಿಮ್ಮ ಐತೀರ್ಪಿನ ಪ್ರತಿ ತೋರಿಸುವುದು ಒಳ್ಳೆಯದು.

ಹಳಿ ಬರಲಿ ಎಂಬುದೇ ಗಡಿನಾಡಿನ ಬಹುತೇಕ ಊರುಗಳ ಹಳೆಯ ಬೇಡಿಕೆ. ಸರಕು ಗಾಡಿ ಊರಾಚೆ ಹೋದರೆ ಊರೊಳಗಿನ ಹಳಿಯಲ್ಲಿ ಪ್ರಯಾಣಿಕರ ಗಾಡಿಗೆ ಜಾಗ ಸಿಗುತ್ತದೆ, ಹುಬ್ಬಳ್ಳಿಗೆ, ಬೆಂಗಳೂರಿಗೆ, ಮಂಗಳೂರಿಗೆ ನಮ್ಮ ಮಕ್ಕಳ ಓಡಾಟ ಸುಲಭವಾಗುತ್ತದೆ. ಅದರ ಖರ್ಚು ದಾರಿಯಲ್ಲಿ ಸಿಕ್ಕ ನಾಲ್ಕು ಮನೆಗಳ ಮೇಲೆ ಮಾತ್ರ ಬೀಳಬಾರದು. ನಿಮ್ಮ ಊರಿನಲ್ಲಿ ಇಂಥ ಅಧಿಸೂಚನೆ ಪ್ರಕಟವಾದರೆ ಅದರ ಪ್ರತಿಯನ್ನು ದಿನಾಂಕ ಕಾಣುವಂತೆ ಕೂಡಲೇ ಬಳಗಕ್ಕೆ ಕಳಿಸಿ. ಕನ್ನಡ ಸಾರಾಂಶ ಮತ್ತು ಆಕ್ಷೇಪಣೆಯ ಕೊನೆಯ ದಿನ ಎರಡನ್ನೂ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.